ಅರ್ಧ ತಿರುವಿದ ಕೀಲಿ

ನಮ್ಮ ಮನೆಯ ಷೋಕೇಸಿನಲ್ಲಿ, ಮಗಳು ಖೊಖೊದಲ್ಲಿ ಗೆದ್ದ ಕಪ್ಪಿಗೂ ಯಾರದೋ ಮದುವೆಯಿಂದ ಬಂದ ಗಾಜಿನ ಬಾತುಕೋಳಿಗಳಿಗೂ ನಡುವೆ, ಒಂದು ಕರಿ ಡಬ್ಬಿ ಕೂತಿದೆ. ಬೆಂಕಿಪೆಟ್ಟಿಗೆಗಿಂತ ತುಸು ದಪ್ಪ, ಕೆಳಗಡೆ ಹಿತ್ತಾಳೆಯ ನಾಲ್ಕಾರು ಹಲ್ಲು. ಮನೆಗೆ ಬಂದವರು ಚಹಾ ಹೀರುತ್ತ ಅದನ್ನೇ ನೋಡುತ್ತಾರೆ. ಕೇಳಿಯೇಬಿಟ್ಟವರಿಗೆ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು, "ಅದು ಎರಡನೇ ಆರೋಪಿ" ಎಂದು ಪರಿಚಯ ಮಾಡಿಕೊಡುತ್ತಾರೆ. ಮೊದಲನೇ ಆರೋಪಿ ಯಾರು ಎಂದರೆ ಅಡುಗೆಮನೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ನಾನಿರುತ್ತೇನೆ.

ಯಜಮಾನರು ಹಾನಗಲ್ಲಿನಲ್ಲಿ ವಕೀಲರು. ಕೋರ್ಟು ಮುಗಿಸಿ ಮನೆಗೆ ಬಂದರೂ ಕರಿ ಕೋಟು ಮಾತ್ರ ಗೂಟಕ್ಕೆ ಹೋಗುತ್ತದೆ, ವಕೀಲಿಕೆ ಹೋಗುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಪಾಟೀ ಸವಾಲು ನಡೆಯುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಿದ್ಯುತ್ತಿನ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೆಂದರೆ ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು ಈಗ ಅದೇ ಬೆಂಚಿನ ಮೇಲೆ ಕೂತು ಆಕಳಿಸುತ್ತಾರೆ. ಆದರೂ ನಮ್ಮ ಕಾರಿನ ಬ್ಯಾಟರಿ ಯಾವ ಮೂಲೆಯಲ್ಲಿದೆ ಎಂದು ಹೋದ ವರ್ಷದ ತನಕ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಕತೆಯೇ ಇದು.

ಕಾರು ಡೀಸೆಲ್ಲಿನದು, ಇನ್ನೊಬ್ಬರು ಓಡಿಸಿ ದಣಿಸಿದ್ದು. ಅದರ ಕಂಪನಿಯ ಹೆಸರು ಹೇಳುವುದಿಲ್ಲ. ಪಾಪ, ಅದರ ಮರ್ಯಾದೆ ನಮ್ಮ ಬಳಗದಲ್ಲಿ ಈಗಾಗಲೇ ಸಾಕಷ್ಟು ಹೋಗಿದೆ. ವಾರದ ದಿನಗಳಲ್ಲಿ ಯಜಮಾನರು ಅದನ್ನು ಶಿಗ್ಗಾಂವಿ, ಹಿರೇಕೆರೂರು ಕೋರ್ಟುಗಳಿಗೆ ಒಯ್ಯುತ್ತಿದ್ದರು. ರವಿವಾರ ಅದು ನನ್ನದು, ನನ್ನ ಅತ್ತೆಯದು.

ಅತ್ತೆ ನೀಲವ್ವನವರ ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಆಗದು ಎಂದು ತೀರ್ಮಾನಿಸಿ ಬಹಳ ಕಾಲವಾಗಿತ್ತು. ಬಾಡಿಗೆ ಗಾಡಿ ಮಾಡಿದರೆ ಡ್ರೈವರ ಹೊರಗೆ ನಿಂತು ಹಾರ್ನ್ ಹೊಡೆಯುತ್ತಾನೆ, ಕುಡಿದ ಚಹಾ ಎದೆಯಲ್ಲೇ ನಿಲ್ಲುತ್ತದೆ ಎಂದು ಅವರ ತಕರಾರು. ಮಗನಿಗೆ ಬಳಗದ ಮನೆಗಳೆಂದರೆ ಅಷ್ಟಕ್ಕಷ್ಟೇ. ಹೀಗಾಗಿ ಸವಣೂರಿನಲ್ಲಿರುವ ಸ್ವಂತ ತಂಗಿ ಶಾಂತವ್ವನ ಮುಖವನ್ನು ಅತ್ತೆ ನೋಡುತ್ತಿದ್ದುದು ಯಾರದಾದರೂ ಲಗ್ನದಲ್ಲಿ, ಇಲ್ಲವೇ ಯಾರದಾದರೂ ಮಣ್ಣಿನಲ್ಲಿ. ಅಂಥ ಕಡೆ ಏನು ಮಾತಾಡಲು ಬರುತ್ತದೆ? ನಾನು ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆನಲ್ಲ, ಆಗ ಎಲ್ಲರೂ ನಕ್ಕರು, ಅತ್ತೆಯೊಬ್ಬರು ನಗಲಿಲ್ಲ. ಲೈಸೆನ್ಸು ಬಂದ ದಿನ ನನ್ನನ್ನು ಕರೆದು, "ಸುಮಾ, ಸವಣೂರ ರಸ್ತೆ ಹೆಂಗೈತಿ ಈಗ?" ಎಂದಷ್ಟೇ ಕೇಳಿದರು.

ಅಂದಿನಿಂದ ನಮ್ಮ ರವಿವಾರಗಳು ಶುರುವಾದವು. ಶಾಂತವ್ವನವರ ಮನೆಗೆ ಎಲೆಬಳ್ಳಿಯ ತೋಟವಿದೆ. ಹೋದ ಕೂಡಲೇ ಅಕ್ಕತಂಗಿಯರು ಪಡಸಾಲೆಯಲ್ಲಿ ಎಲೆಯ ಕಟ್ಟು ಬಿಚ್ಚಿ ಕೂರುವರು. ಎಲೆ ಒರೆಸುವುದು, ತೊಟ್ಟು ಮುರಿಯುವುದು, ಸುಣ್ಣ ಹಚ್ಚುವುದು, ಯಾರನ್ನೋ ಬೈಯುವುದು. ನನಗೆ ಕುರುಕಲು ಖಾರದ ತಟ್ಟೆ ಬರುತ್ತಿತ್ತು. ಸವಣೂರ ಖಾರ ತಿನ್ನುತ್ತ ಆ ಇಬ್ಬರ ಮಾತು ಕೇಳುವುದೆಂದರೆ ನನಗೂ ಹಬ್ಬವೇ. ಅತ್ತೆಯನ್ನು 'ನೀಲಿ' ಎಂದು ಕರೆಯುವ ಒಬ್ಬಳು ಈ ಭೂಮಿಯ ಮೇಲೆ ಇದ್ದಾಳೆಂಬುದೇ ನನಗೆ ಅಲ್ಲಿ ತಿಳಿದದ್ದು.

ಕಾರು ಮೊದಲ ಸಲ ಕೈಕೊಟ್ಟದ್ದೂ ಅಲ್ಲಿಯೇ. ಹೊರಡುವ ಹೊತ್ತಿಗೆ ಕೀಲಿ ತಿರುವಿದರೆ 'ಟಕ್' ಎಂದಿತು. ಇನ್ನೊಮ್ಮೆ ತಿರುವಿದೆ. ಇನ್ನೊಂದು ಟಕ್. ಓಣಿಯವರೆಲ್ಲ ಬಂದು ತಮ್ಮ ತಮ್ಮ ಅಭಿಪ್ರಾಯ ಹೇಳಿ ಹೋದರು. ತಳ್ಳಿ ನೋಡೋಣವೆಂದರೆ ಓಣಿ ಏರು. "ದಣದೈತಿ ಬಿಡವ್ವಾ, ಅದಕ್ಕೂ ಜೀವ ಐತಿ. ಇನ್ನೊಂದು ಕಪ್ಪು ಚಹಾ ಕುಡೀರಿ" ಎಂದು ಶಾಂತವ್ವ ಒಳಗೆ ಕರೆದುಕೊಂಡು ಹೋದರು. ಅಕ್ಕತಂಗಿಯರು ಮತ್ತೆ ಎಲೆಯ ಕಟ್ಟು ಬಿಚ್ಚಿದರು. ಒಂದು ತಾಸು ಕಳೆದು ಹೋಗಿ ಕೀಲಿ ತಿರುವಿದರೆ, ಕಾರು ಏನೂ ಆಗಿಯೇ ಇಲ್ಲವೆಂಬಂತೆ ಗುರ್ ಎಂದು ಎದ್ದಿತು. ಹಾನಗಲ್ಲು ಮುಟ್ಟುವ ತನಕ ತಂಟೆ ಇಲ್ಲ. ಮರುದಿನ ಮುಂಜಾನೆ ಯಜಮಾನರಿಗೂ ತಂಟೆ ಇಲ್ಲ.

ಆಮೇಲೆ ಇದು ರೂಢಿಯಾಯಿತು. ಪ್ರತಿ ಸಲವೂ ಅಲ್ಲ, ಅದೇ ಕಷ್ಟ. ಪ್ರತಿ ಸಲ ಕೆಡುವ ಗಾಡಿಯನ್ನು ರಿಪೇರಿ ಮಾಡಬಹುದು, ಎಂದೂ ಕೆಡದ ಗಾಡಿಯನ್ನು ಮರೆತುಬಿಡಬಹುದು. ತನಗೆ ಬೇಕಾದಾಗ ಕೆಡುವ ಗಾಡಿಯನ್ನು ಏನು ಮಾಡುವುದು? ಸವಣೂರಿನಲ್ಲಿ ಕೆಡುತ್ತಿತ್ತು. ಅಕ್ಕಿಆಲೂರಿನಲ್ಲಿ ನನ್ನ ಗೆಳತಿಯ ಮನೆಯ ಮುಂದೆ ಕೆಟ್ಟಿತು. ಹಿರೇಕೆರೂರಿನ ನನ್ನ ತವರುಮನೆಯ ಮುಂದೆ, ಅಣ್ಣನ ಹೊಸ ಬೀಗರು ಸಾಲಾಗಿ ನಿಂತು ನೋಡುತ್ತಿರುವಾಗ ಕೆಟ್ಟಿತು. ಅದೇ ಹಿರೇಕೆರೂರಿಗೆ ಯಜಮಾನರು ಕೋರ್ಟಿನ ಕೆಲಸಕ್ಕೆ ಹೋದಾಗ ಕುದುರೆಯ ಹಾಗೆ ಓಡಿತು.

ಕಾರಣ ಹೇಳುವವರಿಗೆ ಏನೂ ಬರವಿರಲಿಲ್ಲ. ಬಂಕಿನ ಡೀಸೆಲ್ಲಿನಲ್ಲಿ ನೀರು ಎಂದರು ಪಕ್ಕದ ಮನೆಯ ಮಾಸ್ತರರು. ದೃಷ್ಟಿಯಾಗಿದೆ ಎಂದು ಅತ್ತೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಮರುವಾರ ಲಿಂಬೆಹಣ್ಣಿನ ಸಮೇತ ಕೆಟ್ಟು ನಿಂತಿತು. ಮಗಳು ಮೊಬೈಲಿನಲ್ಲಿ ಹುಡುಕಿ ಇಪ್ಪತ್ತು ಕಾರಣ ಓದಿ ಹೇಳಿದಳು. ಅವುಗಳಲ್ಲಿ ಅರ್ಧ ನಮ್ಮ ಕಾರಿನಲ್ಲಿ ಇಲ್ಲವೇ ಇಲ್ಲದ ಭಾಗಗಳಿಗೆ ಸೇರಿದ್ದವು. ಯಜಮಾನರು ಮಾತ್ರ ಕೈಕಟ್ಟಿ, "ಸಾಕ್ಷ್ಯ ಏನ ಹೇಳತೈತಿ ನೋಡು. ನನ್ನ ಕೈಯಾಗ ಒಮ್ಮೆನೂ ಕೆಟ್ಟಿಲ್ಲ. ನಿನ್ನ ಕೈಯಾಗ ಕೆಡತೈತಿ. ಮುಂದ ನಾ ಏನೂ ಹೇಳೂದಿಲ್ಲ" ಎಂದರು. ಮುಂದೆ ಏನೂ ಹೇಳುವುದಿಲ್ಲ ಎನ್ನುವವರು ಹೇಳುವುದನ್ನೆಲ್ಲ ಹೇಳಿಯೇ ಇರುತ್ತಾರೆ. ನನಗೆ ಮೈಯೆಲ್ಲ ಉರಿಯಿತು. ಉರಿದರೇನು, ಸಾಕ್ಷ್ಯ ಅವರ ಕಡೆಗೇ ಇತ್ತು.

ಮೆಕ್ಯಾನಿಕ್ ಇಮಾಮಸಾಬ ಒಳ್ಳೆಯ ಮನುಷ್ಯ. ಅಕ್ಕಿಆಲೂರ ರಸ್ತೆಯಲ್ಲಿ ಅವನ ಗ್ಯಾರೇಜು. ಅವನ ಮುಂದೆ ಒಯ್ದು ನಿಲ್ಲಿಸಿದರೆ ನಮ್ಮ ಕಾರು ಅತಿ ಸಂಭಾವಿತ. ಹತ್ತು ಸಲ ತಿರುವಿದರೆ ಹತ್ತು ಸಲವೂ ಏಳುವುದು. ಅವನು ಬ್ಯಾಟರಿಗೆ ಮೀಟರು ಹಚ್ಚಿ ನೋಡಿದ, ಅದರ ತುದಿಗಳನ್ನು ತಿಕ್ಕಿ ತೊಳೆದ, ಡೀಸೆಲ್ ಫಿಲ್ಟರು ಬದಲಿಸಿದ, ಸ್ಟಾರ್ಟರನ್ನು ಬಿಚ್ಚಿ ಜೋಡಿಸಿದ. ಒಂದೊಂದು ಕೆಲಸ ಮುಗಿದಾಗಲೂ "ಈಗ ಆತು ನೋಡ್ರಿ" ಎನ್ನುವನು, ನಾನು "ಆತು" ಎನ್ನುವೆ, ರವಿವಾರ ಬರುವುದು, ಟಕ್ ಎನ್ನುವುದು. ಕೊನೆಗೆ ಅವನು ಬಾನೆಟ್ಟು ಮುಚ್ಚಿ ಬೇಸರದಿಂದ ನನ್ನ ಮುಖ ನೋಡಿದ. "ಮೇಡಮ್ಮಾರ, ನೀವು ಸುಳ್ಳ ಹೇಳಾಕತ್ತಿಲ್ಲ ಅಂತ ನನಗ ಗೊತ್ತೈತಿ. ಆದ್ರ ಗಾಡೀನೂ ಸುಳ್ಳ ಹೇಳವಲ್ದು. ನಾ ಯಾರನ್ನ ನಂಬಲಿ?" ಎಂದ.

ಪ್ರಕರಣ ನಿರ್ಣಾಯಕ ಹಂತಕ್ಕೆ ಬಂದದ್ದು ಹತ್ತಿಮತ್ತೂರಿನಲ್ಲಿ. ಅಲ್ಲಿ ಶಾಂತವ್ವನವರ ಮಗಳ ಮನೆ. ಸೀಮಂತಕ್ಕೆಂದು ಅಕ್ಕತಂಗಿಯರಿಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಹೊರಡುವಾಗ ಟಕ್. ಒಂದು ಚಹಾ ಆಯಿತು. ಅಂದು ಅದಕ್ಕೂ ಬಗ್ಗಲಿಲ್ಲ. ಮರುದಿನ ನನಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸವಿತ್ತು. ಬೇರೆ ದಾರಿ ಕಾಣದೆ ಯಜಮಾನರಿಗೆ ಫೋನು ಮಾಡಿದೆ. ಅವರು ಇಮಾಮಸಾಬನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಹಾನಗಲ್ಲಿನಿಂದ ಅಷ್ಟು ದೂರ, ಬಿಸಿಲಿನಲ್ಲಿ ಬಂದರು. ಬಂದವರೇ ಕಾರಿನಲ್ಲಿ ಕೂತು ಕೀಲಿ ತಿರುವಿದರು. ಎದ್ದಿತು. ನೆರೆದ ಮಂದಿಯೆಲ್ಲ ನಕ್ಕುಬಿಟ್ಟರು. ನಾನು ನೆಲ ನೋಡಿದೆ.

ಅಂದು ಮನೆಯಲ್ಲಿ ತೀರ್ಪು ಓದಿದರು. ಶಿಗ್ಗಾಂವಿಯಲ್ಲಿ ಅವರ ಪರಿಚಯದವರೊಬ್ಬರು ಕಾರು ನೋಡಿ ಹೋಗಿದ್ದರು, ಕೇಳುತ್ತಲೂ ಇದ್ದರು. "ಇನ್ನೊಂದ ಸಲ. ಇನ್ನೊಂದೇ ಸಲ ಇದು ನಿಮ್ಮನ್ನ ಎಲ್ಲ್ಯಾರ ನಿಲ್ಲಿಸಿತಂದ್ರ, ಮರುದಿನ ಶಿಗ್ಗಾಂವಿಗೆ ಬಿಟ್ಟು ಬರ್ತೇನಿ. ನಡುರಸ್ತ್ಯಾಗ ಅವ್ವನ್ನ ಕುಂದ್ರಿಸಿ ನಾ ಊರ ಮಂದಿ ಮುಂದ ಹೆಂಗ ಮುಖ ತೋರಸ್ಲಿ?" ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಕಾಳಜಿ ಹೆಚ್ಚಿತ್ತು. ಅದಕ್ಕೇ ಎದುರು ಹೇಳುವುದು ಕಷ್ಟವಾಯಿತು. ಅತ್ತೆ ಎಲೆಯಡಿಕೆಯ ಚೀಲದ ದಾರವನ್ನು ಎಳೆದು ಬಿಗಿ ಮಾಡಿ ಎದ್ದು ಹೋದರು. ಆ ಕಾರು ಹೋದರೆ ಅವರ ತಂಗಿಯೂ ಹೋದಂತೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಇಲ್ಲಿ ಸ್ವಲ್ಪ ನಿಂತು, ನಮ್ಮ ಕಡೆ ಬೀಳ್ಕೊಡುವ ಪದ್ಧತಿಯ ಬಗ್ಗೆ ಹೇಳಬೇಕು. ನೀವೂ ಈ ಕಡೆಯವರಾದರೆ ನಿಮಗೆ ಇದು ಹೊಸದಲ್ಲ. ನಾನು ಬೆಳೆದ ಹಿರೇಕೆರೂರಿನ ಮನೆಯಲ್ಲಿ ಬಂದವರು ಎಷ್ಟು ಹೊತ್ತು ಇದ್ದರು ಎಂಬುದಕ್ಕಿಂತ ಹೋಗಲು ಎಷ್ಟು ಹೊತ್ತು ತೆಗೆದುಕೊಂಡರು ಎಂಬುದರ ಮೇಲೆ ಪ್ರೀತಿಯನ್ನು ಅಳೆಯುತ್ತಿದ್ದರು. "ಬರ್ತೇವಿನ್ನ" ಎಂದು ಮೊದಲ ಸಲ ಅನ್ನುವುದು ಪಡಸಾಲೆಯಲ್ಲಿ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡನೆಯದು ಹೊಸ್ತಿಲ ಹತ್ತಿರ. ಆಗ ಅವ್ವನಿಗೆ ಕುಂಕುಮ ಕೊಡುವುದು ನೆನಪಾಗುತ್ತಿತ್ತು. ಮೂರನೆಯದು ಕಟ್ಟೆಯ ಮೇಲೆ. ಆಗ ಅಪ್ಪನಿಗೆ ಮುಖ್ಯವಾದ ಮಾತು ನೆನಪಾಗುತ್ತಿತ್ತು. ಅಷ್ಟು ಹೊತ್ತು ಒಳಗೆ ಕೂತು ಮಳೆಯ ಬಗ್ಗೆ ಮಾತಾಡಿದವರು, ಗದ್ದೆಯ ಹಿಸ್ಸೆಯ ಮಾತನ್ನು ಕಟ್ಟೆಯ ಮೇಲೆ ನಿಂತು ತೆಗೆಯುವರು. ಮಕ್ಕಳಾದ ನಮಗೆ ಬೇರೆಯೇ ಕೆಲಸವಿತ್ತು. ನಮಗೆ ಬೇಕಾದ ನೆಂಟರು ಬಂದರೆ ಅವರ ಚಪ್ಪಲಿಯನ್ನು ಹುಲ್ಲಿನ ಬಣಿವೆಯಲ್ಲಿ ಬಚ್ಚಿಡುತ್ತಿದ್ದೆವು. ಒಮ್ಮೆ ಸೋದರಮಾವನ ಒಂದೇ ಚಪ್ಪಲಿ ಸಿಕ್ಕಿ, ಇನ್ನೊಂದು ಆ ವರ್ಷದ ಬೇಸಿಗೆಯಲ್ಲಿ ಎತ್ತಿನ ಬಾಯಿಂದ ಹೊರಬಂತು. ಮಾವ ಅಂದು ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ. ವಾಪಸು ಕೊಟ್ಟ ನೆನಪು ನನಗಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ಚಕ್ಕಡಿಯದು. ಎತ್ತು ಹೂಡಿ, ಹತ್ತುವವರೆಲ್ಲ ಹತ್ತಿ ಕೂತ ಮೇಲೂ, ಕಳಿಸಲು ಬಂದವರಲ್ಲಿ ಹಿರಿಯರು "ಹೂಂ, ನಡೀರಿನ್ನ" ಎನ್ನುವ ತನಕ ಎತ್ತು ಹೊಡೆಯಬಾರದು. ಹೊಡೆದವನು ಒರಟ, ಸಂಸ್ಕಾರ ಇಲ್ಲದವನು. ಒಮ್ಮೆ ಬೀಗರ ಕಡೆಯ ಗಾಡಿಯವನು ಹಾಗೆ ಹೊಡೆದುಬಿಟ್ಟನೆಂದು ನಮ್ಮ ಅಜ್ಜಿ ಸಾಯುವ ತನಕ ಆ ಊರಿನ ಹೆಸರು ಬಂದಾಗಲೆಲ್ಲ ಮೂಗು ಮುರಿದರು. ನಾನು ಕಾರು ಕಲಿತಾಗ ಅಪ್ಪ ಕೊಟ್ಟ ಒಂದೇ ಬುದ್ಧಿಮಾತೂ ಇದೇ. "ಹಿರೇರು ಕಿಟಕ್ಯಾಗ ಮಾತಾಡಾಕತ್ತಾಗ ಗಾಡಿ ಗುರುಗುಟ್ಟಿಸಬ್ಯಾಡ. ಮಾತು ಯಾವಾಗ ಮುಗಸ್ತೀರಿ ಅಂತ ಹಂಗಿಸಿದಂಗ ಆಕ್ಕೈತಿ."

ಹಾಗೆಂದು ಸುಮ್ಮನೆ ಕೂತರೆ ಹೊರಡುವ ಮನಸ್ಸೇ ಇಲ್ಲವೆಂದು ಅವರು ಮತ್ತೆ ಒಳಗೆ ಕರೆಯುತ್ತಾರೆ. ಅದಕ್ಕೆ ನಾನೊಂದು ಮಧ್ಯಮಮಾರ್ಗ ಕಂಡುಕೊಂಡಿದ್ದೆ. ಡೀಸೆಲ್ ಗಾಡಿಗೂ ಒಂದು ಶಿಷ್ಟಾಚಾರವಿದೆಯಲ್ಲ? ಕೀಲಿಯನ್ನು ಮೊದಲು ಅರ್ಧ ತಿರುವಬೇಕು. ಆಗ ಎದುರಿಗೆ ಸುರುಳಿಯಂಥ ಒಂದು ಹಳದಿ ದೀಪ ಹತ್ತುತ್ತದೆ. ಒಳಗೆ ಹೀಟರ್ ಪ್ಲಗ್ಗುಗಳು ಎಂಜಿನ್ನನ್ನು ಬಿಸಿ ಮಾಡುತ್ತಿವೆ, ತುಸು ತಡಿ ಎಂದು ಅದರ ಅರ್ಥ. ದೀಪ ಆರಿದ ಮೇಲೆ ಪೂರ್ತಿ ತಿರುವಬೇಕು. ನಾನು ಕೂತವಳೇ ಕೀಲಿಯನ್ನು ಅರ್ಧ ತಿರುವಿಡುತ್ತಿದ್ದೆ. ಹೊರಡುವ ಸೂಚನೆಯೂ ಆಯಿತು, ಗುರುಗುಟ್ಟಿಸಿ ಹಿರಿಯರನ್ನು ಹಂಗಿಸಿದಂತೆಯೂ ಆಗಲಿಲ್ಲ. ದೀಪ ಆರುತ್ತಿತ್ತು, ಮಾತು ಆರುತ್ತಿರಲಿಲ್ಲ. ಹಿರಿಯರು ಹೂಂ ಎಂದಾಗ ಉಳಿದರ್ಧ ತಿರುವುವುದು. ಈ ಉಪಾಯಕ್ಕೆ ನನ್ನ ಬೆನ್ನನ್ನು ನಾನೇ ಎಷ್ಟೋ ಸಲ ತಟ್ಟಿಕೊಂಡಿದ್ದೆ.

ತೀರ್ಪು ಬಂದ ಮರುದಿನ ಸಂಜೆ ಅತ್ತೆ ಸೊಪ್ಪು ಸೋಸುತ್ತಿದ್ದರು. ನಾನು ಅವರ ಪಕ್ಕದಲ್ಲಿ ಕೂತು, ಕಾರು ಹೆಂಗಸರ ಕೈಗೆ ಒಲಿಯುವುದಿಲ್ಲವೆಂಬ ಯಜಮಾನರ ವಾದವನ್ನು ಅವರ ಧ್ವನಿಯಲ್ಲೇ ಅಣಕಿಸಿ ತೋರಿಸುತ್ತಿದ್ದೆ. ಅತ್ತೆ ನಗಲಿಲ್ಲ. ಸೊಪ್ಪಿನ ಕಡೆ ನೋಡುತ್ತಲೇ, "ಅವಂದೇನ ತಗಿ. ಅವನ್ನ ಕಳಸಾಕ ಯಾರ ಬರ್ತಾರ? ಕುಂತಾ, ತಿರುವಿದಾ, ಹ್ವಾದಾ. ಕೋರ್ಟಿನ ಬಾಗಲಾಗ ಅವಂಗೇನ ಉಡಿ ತುಂಬ್ತಾರೇನು?" ಎಂದರು.

ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು. ಸವಣೂರು, ಅಕ್ಕಿಆಲೂರು, ಹಿರೇಕೆರೂರಿನ ತವರು, ಹತ್ತಿಮತ್ತೂರು: ಎಲ್ಲ ಕಡೆಯೂ ನಮ್ಮನ್ನು ಕಳಿಸಲು ಮಂದಿ ಬಂದಿದ್ದರು, ಎಲ್ಲ ಕಡೆಯೂ ಕಿಟಕಿಯ ಮಾತು ಉದ್ದವಾಗಿತ್ತು. ಗೆಳತಿ ಊರಲ್ಲಿಲ್ಲದೆ ಬಾಗಿಲಿನಿಂದಲೇ ತಿರುಗಿ ಬಂದ ದಿನ ಅಕ್ಕಿಆಲೂರಿನಲ್ಲಿ ಕಾರು ಕೆಟ್ಟಿರಲಿಲ್ಲ. ಶಾಂತವ್ವ ಜ್ವರದಿಂದ ಮಲಗಿದ್ದು ಹೊರಗೆ ಬಾರದ ರವಿವಾರ ಸವಣೂರಿನಲ್ಲಿ ಕೆಟ್ಟಿರಲಿಲ್ಲ. ಗ್ಯಾರೇಜಿನಲ್ಲಿ ಇಮಾಮಸಾಬ ನಮಗೆ ಕುಂಕುಮ ಕೊಡುವುದಿಲ್ಲ. ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಇಡಬೇಕು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವವಳಿಗೆ, ಬದಲಾಗುತ್ತಿರುವುದು ಡ್ರೈವರ ಅಲ್ಲ, ಬೀಳ್ಕೊಡುಗೆ ಎಂದು ಹೊಳೆಯಲು ಸೊಪ್ಪು ಸೋಸಬೇಕಾಯಿತು.

ಬಂದ ರವಿವಾರ ನಾವು ಸವಣೂರಿಗೆ ಹೋಗಲಿಲ್ಲ. ನಮ್ಮದೇ ಅಂಗಳದಲ್ಲಿ ಬೀಳ್ಕೊಡುಗೆಯ ಪ್ರಯೋಗ ಇಟ್ಟುಕೊಂಡೆವು. ನಾನು ಕಾರಿನಲ್ಲಿ ಕೂತು ಕೀಲಿಯನ್ನು ಅರ್ಧ ತಿರುವಿದೆ. ಕಿಟಕಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಅತ್ತೆ ಕೂತರು. ಕಟ್ಟೆಯ ಮೇಲೆ ಯಜಮಾನರು ಪೇಪರ್ ಹಿಡಿದು, ಅದರ ಮೇಲಿಂದ ನೋಡುತ್ತಿದ್ದರು.

"ಹೂಂ, ಮಾತಾಡ್ರಿ ಅತ್ತಿ" ಎಂದೆ.

"ಏನ ಮಾತಾಡ್ಲಿ? ಮುಂಜಾಲಿಂದ ಮಾತಾಡಾಕತ್ತೇವಲ್ಲ."

"ಕಳಸಾಕ ಬಂದಂಗ ಮಾತಾಡ್ರಿ."

ಅತ್ತೆ ಸೆರಗು ಸರಿಮಾಡಿಕೊಂಡು, "ಆರಾಮ ಹೋಗಿ ಬಾರವ್ವಾ. ಮುಟ್ಟಿದ ಕೂಡಲೇ ಫೋನ ಮಾಡು. ಎಲ್ಲಿಗಿ ಹೊಂಟೀ?" ಎಂದರು.

"ಎಲ್ಲಿಗೂ ಇಲ್ರಿ."

ಕಟ್ಟೆಯ ಮೇಲಿಂದ ಆಕ್ಷೇಪಣೆ ಬಂತು. "ಒಂದ ಮನ್ಯಾಗ ಇರೂ ಅತ್ತಿ ಸೊಸಿ ಯಾರನ್ನ ಯಾರು ಕಳಸಾಕತ್ತೀರಿ? ಇದು ಕಟ್ಟಿದ ಸಾಕ್ಷಿ. ನಡೆಯೂದಿಲ್ಲ."

ನಾವಿಬ್ಬರೂ ನಕ್ಕೆವು. ಆಮೇಲೆ ಅತ್ತೆ ಕಿಟಕಿಯ ಅಂಚನ್ನು ಬೆರಳಿನಿಂದ ಸವರುತ್ತ, ಯಾರೂ ಕೇಳದ ಒಂದು ಮಾತು ಹೇಳಿದರು.

"ನಂದೂ ಶಾಂತೀದೂ ಒಂದ ಹಂದರದಾಗ ಲಗ್ನಾತು. ನಾ ಇತ್ಲಾಗ ಬಂದೆ, ಆಕಿ ಅತ್ಲಾಗ ಹ್ವಾದ್ಲು. ನಾ ಚಕ್ಕಡ್ಯಾಗ ಕುಂತಿದ್ದೆ, ಆಕಿ ಗಾಲಿ ಹಂತ್ಯಾಕ ಬಂದು ಏನೋ ಹೇಳಾಕ ಬಾಯಿ ತಗದ್ಲು. ಅಷ್ಟ್ರಾಗ ನಮ್ಮ ಮಾವಾರು ಎತ್ತ ಹೊಡದಬಿಟ್ರು. ಆಮ್ಯಾಲ ಎಷ್ಟೋ ವರ್ಷಕ್ಕ ಸಿಕ್ಕಾಗ ಕೇಳಿದ್ರ, ಏನ ಹೇಳಾಕ ಬಂದಿದ್ಲು ಅನ್ನೂದು ಆಕಿಗೇ ನೆನಪಿಲ್ಲ." ಕಾರಿನ ಬಾಗಿಲನ್ನು ಅಂಗೈಯಿಂದ ಒಮ್ಮೆ ತಟ್ಟಿ, "ಅದಕ್ಕ ಆಕಿ ಕಿಟಕಿ ಹಿಡಕೊಂಡ ನಿಂತ್ರ ನಾ ನಿನಗ ನಡಿ ಅನ್ನಂಗಿಲ್ಲ. ಮುಗೀಲಿ ಅಂತ ಕುಂತಿರ್ತೇನಿ" ಎಂದರು.

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತವರು ನಾವು. ಈ ಮಾತು ನನಗೆ ತಿಳಿಯಲು ನಾನು ಕಾರಿನಲ್ಲಿ ಕೂತು ಎಲ್ಲಿಗೂ ಹೋಗದೆ ಇರಬೇಕಾಯಿತು. ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಮಾತು ತಾನಾಗಿ ಹರಿಯಿತು. ನನ್ನ ಬಸುರಿನ ದಿನಗಳು, ಮಾವನವರ ಸಿಟ್ಟು, ಮಗಳು ಮೊದಲ ಸಲ ನಡೆದದ್ದು, ಕಟ್ಟೆಯ ಮೇಲಿರುವ ವಕೀಲರು ಸಣ್ಣವರಿದ್ದಾಗ ಹುಣಸೆಹಣ್ಣು ಕದ್ದು ಸಿಕ್ಕಿಬಿದ್ದದ್ದು. ಆರೋಪಿ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಯಾವಾಗಲೋ ನೆನಪಾಗಿ ಕೀಲಿ ತಿರುವಿದೆ. ಟಕ್!

ಗಾಡಿ ಕೆಟ್ಟಿತೆಂದು ಕುಣಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ ಚಪ್ಪಾಳೆ ತಟ್ಟಿದರು. ಯಜಮಾನರು ಪೇಪರ್ ಕೆಳಗಿಟ್ಟು ಬಂದು, ಸ್ವತಃ ಕೂತು, ತಮ್ಮ ಕೈಯಿಂದ ತಿರುವಿ ನೋಡಿದರು. ಟಕ್. ಗಂಡಸರ ಕೈಗೂ ಟಕ್. ನಾನು ಏನೂ ಹೇಳಲಿಲ್ಲ. ಮುಂದೆ ಏನೂ ಹೇಳದೆ ಇರುವುದು ಎಷ್ಟು ಸುಖವೆಂದು ಅಂದು ತಿಳಿಯಿತು.

ಇಮಾಮಸಾಬನಿಗೆ ಫೋನು ಹೋಯಿತು. "ಕೀಲಿ ಮುಟ್ಟಬ್ಯಾಡ್ರಿ, ಇದ್ದಂಗ ಇರ್ಲಿ, ನಾ ಬರ್ತೇನಿ" ಎಂದು ಓಡಿ ಬಂದ. ಕೆಟ್ಟು ನಿಂತ ನಮ್ಮ ಕಾರನ್ನು ಅವನು ಕೊನೆಗೂ ಕಣ್ಣಾರೆ ಕಂಡ. ಬಾನೆಟ್ಟು ಎತ್ತಿ ಅಲ್ಲಿ ಇಲ್ಲಿ ಕೈಯಾಡಿಸುತ್ತ ಒಂದು ಕರಿ ಡಬ್ಬಿಯನ್ನು ಮುಟ್ಟಿದವನೇ "ಯಾ ಅಲ್ಲಾ!" ಎಂದು ಬೆರಳು ಬಾಯಿಗಿಟ್ಟುಕೊಂಡ. ಡಬ್ಬಿ ರೊಟ್ಟಿಯ ಹಂಚಿನಷ್ಟು ಕಾದಿತ್ತು. ಹೀಟರ್ ಪ್ಲಗ್ಗುಗಳಿಗೆ ಕರೆಂಟು ಬಿಡುವ ರಿಲೇ ಅದು. ಎಂಜಿನ್ನು ಬಿಸಿಯಾದ ಮೇಲೆ ತಾನಾಗಿ ಬಂದ್ ಆಗಬೇಕು. ಇದಕ್ಕೆ ಬಂದ್ ಆಗುವುದು ಮರೆತುಹೋಗಿತ್ತು. ದೀಪ ಆರಿದರೂ ಒಳಗೆ ಪ್ಲಗ್ಗುಗಳು ಕಾಯುತ್ತಲೇ ಇದ್ದವು, ಬ್ಯಾಟರಿಯನ್ನು ಹೀರುತ್ತಲೇ ಇದ್ದವು. ಕೂತು, ತಿರುವಿ, ಹೋಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗಾಡಿ ಓಡುವಾಗ ಬ್ಯಾಟರಿಗೆ ಮತ್ತೆ ಕರೆಂಟು ತುಂಬುತ್ತದೆ. ಅರ್ಧ ತಿರುವಿ ಮಾತಿಗೆ ಕೂತವರ ಬ್ಯಾಟರಿ ಮಾತ್ರ ಸುಸ್ತು. ಒಂದು ಚಹಾದ ಹೊತ್ತು ಬಿಟ್ಟರೆ ಅದು ತುಸು ಚೇತರಿಸಿಕೊಂಡು ಏಳುತ್ತಿತ್ತು.

"ಇದು ನನಗ ಸಿಗತಿದ್ದಿಲ್ಲ ಬಿಡ್ರಿ" ಎಂದ ಇಮಾಮಸಾಬ. "ಗ್ಯಾರೇಜಿನ್ಯಾಗ ಕೀಲಿ ತಿರುವಿ ಯಾರರ ಮಕ್ಕಳು ಮರೀ ಆರಾಮೇನು ಅಂತ ಕೇಳಕೊಂತ ನಿಲ್ತಾರೇನು?" ಮರುದಿನ ಹೊಸ ರಿಲೇ ತರಿಸಿ ಹಾಕಿದ. ಯಜಮಾನರು ಶಿಗ್ಗಾಂವಿಗೆ ಫೋನು ಮಾಡಿ ಕಾರು ಕೊಡುವುದಿಲ್ಲವೆಂದು ಹೇಳಿದರು. ಹಳೆಯ ಡಬ್ಬಿಯನ್ನು ತೊಳೆದು ಷೋಕೇಸಿನಲ್ಲಿ ಇಟ್ಟವರೂ ಅವರೇ. ಅದು ಅವರ ಕ್ಷಮಾಪಣೆ. ವಕೀಲರಿಂದ ಬಾಯಿಮಾತಿನ ಕ್ಷಮಾಪಣೆ ಸಿಗುವುದಿಲ್ಲ.

ಮುಂದಿನ ರವಿವಾರ ಸವಣೂರಿಗೆ ಹೋದೆವು. ಸುದ್ದಿ ಫೋನಿನಲ್ಲಿ ಆಗಲೇ ಮುಟ್ಟಿತ್ತು. ಎಲೆಯ ಕಟ್ಟು ಬಿಚ್ಚಿದರು, ಖಾರ ಬಂತು, ಯಾರನ್ನೋ ಬೈದದ್ದಾಯಿತು. ಹೊತ್ತು ಇಳಿದು ಹೊರಟೆವು. ಕಿಟಕಿಯ ಹತ್ತಿರ ಬಂದ ಶಾಂತವ್ವ, "ಮೊದಲ ಚಾಲೂ ಮಾಡು ನೋಡೂನು. ಮಾತು ಆಮ್ಯಾಲ" ಎಂದರು. ಹಿರಿಯರ ಅಪ್ಪಣೆ. ದೀಪ ಆರಿದ ಕೂಡಲೇ ತಿರುವಿದೆ. ಒಂದೇ ಏಟಿಗೆ ಎದ್ದಿತು. ಓಣಿಯವರೆಲ್ಲ ಭಲೆ ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಆದರೆ ಡೀಸೆಲ್ ಎಂಜಿನ್ನಿನ ಸದ್ದು ನಿಮಗೆ ಗೊತ್ತೇ ಇದೆ. ಶಾಂತವ್ವ ಬಗ್ಗಿ ಅಕ್ಕನಿಗೆ ಏನೋ ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ.

"ಆಂ?" ಎಂದು ಅತ್ತೆ ಕಿವಿಗೆ ಕೈ ಹಚ್ಚಿದರು.

ಶಾಂತವ್ವ ಇನ್ನೊಮ್ಮೆ ಹೇಳಲು ಹೋಗಿ, ಗುರುಗುಡುತ್ತಿದ್ದ ಗಾಡಿಯನ್ನು ನೋಡಿ, "ಏನಿಲ್ಲ ತಗೋ. ಹೊತ್ತಾಕ್ಕೈತಿ ನಿಮಗ. ಹೂಂ, ನಡೀರಿನ್ನ" ಎಂದರು. ಎಂದವರು ಕಿಟಕಿಯ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಅತ್ತೆಯೂ ನಡಿ ಎನ್ನಲಿಲ್ಲ. ಎದುರಿನ ಗಾಜನ್ನು ನೋಡುತ್ತ ಕೂತರು.

ನಾನು ಗಾಡಿ ಬಂದ್ ಮಾಡಿದೆ. ಓಣಿ ಒಮ್ಮೆಗೇ ಸುಮ್ಮನಾಯಿತು. ಕೀಲಿಯನ್ನು ಕಿತ್ತು ಬ್ಯಾಗಿನೊಳಗೆ ಹಾಕಿಕೊಂಡೆ.

"ಸಣ್ಣತ್ತಿ," ಎಂದೆ ಶಾಂತವ್ವನವರಿಗೆ, "ಗಾಡಿ ಯಾಕೋ ಚಾಲೂ ಆಗವಲ್ದ್ರಿ."

ಶಾಂತವ್ವ ನನ್ನ ಮುಖ ನೋಡಿದರು. ಈಗತಾನೇ ಅಷ್ಟು ಸದ್ದು ಮಾಡಿದ ಗಾಡಿಯನ್ನು ನೋಡಿದರು. "ಹೌದೇನವ್ವಾ? ಅಯ್ಯ ಪಾಪ. ಹಂಗಾರ ಚಹಾಕ್ಕ ಇಡ್ತೇನಿ" ಎಂದು ಗಂಭೀರವಾಗಿ ಹೇಳಿ ಒಳಗೆ ತಿರುಗಿದರು.

ಅತ್ತೆ ಆಗಲೇ ಬಾಗಿಲು ತೆರೆದು ಒಂದು ಕಾಲು ಕೆಳಗಿಟ್ಟಿದ್ದರು. "ಶಾಂತೀ, ತಡಿ," ಎಂದು ಕೂಗಿದರು, "ಏನಂದಿ ಆಗಳೆ?"